ಗಣಿತ, ವಿಜ್ಞಾನದ ಮೇಷ್ಟ್ರುಗಳು ಒಟ್ಟಿಗೆ ಕೂತಾಗ

ಶಿಕ್ಷಕರ ತರಬೇತಿಗೋ ಸಮ್ಮೇಳನಕ್ಕೋ ಹೋಗಿ ಬಂದ ಗೆಳೆಯರು ಸಿಕ್ಕರೆ ನಾನು ಮೊದಲು ಕೇಳುವುದು ಇಷ್ಟೇ: "ಅಲ್ಲಿಗೆ ಮಕ್ಕಳ ನೋಟ್‌ಬುಕ್ ಯಾರಾದರೂ ತಂದಿದ್ರಾ?" ಯಾರು ಉದ್ಘಾಟನೆ ಮಾಡಿದರು, ಯಾವ ಪ್ರೊಫೆಸರ್ ಬಂದಿದ್ದರು, ಊಟ ಹೇಗಿತ್ತು ಎಂಬುದೆಲ್ಲ ಆಮೇಲೆ. ಮಕ್ಕಳು ಬರೆದದ್ದು, ಮಕ್ಕಳು ಕೇಳಿದ್ದು ಆ ಕೋಣೆಯೊಳಗೆ ಬಂದಿದ್ದರೆ ಆ ಎರಡು ಮೂರು ದಿನ ಉಪಯೋಗಕ್ಕೆ ಬಂದಿರುತ್ತವೆ. ಇಷ್ಟು ವರ್ಷ ಗಣಿತ ಕಲಿಸಿದ ಮೇಲೆ ನನಗೆ ಗಟ್ಟಿಯಾಗಿ ಹಾಗನ್ನಿಸುತ್ತದೆ.

ಪ್ರೌಢಶಾಲೆಯಲ್ಲಿ ಗಣಿತ, ವಿಜ್ಞಾನ ಕಲಿಸುವವರದು ಒಂದು ಬಗೆಯ ಒಂಟಿತನ. ಹೊರಗಿನವರಿಗೆ ಇದು ಅಷ್ಟಾಗಿ ಗೊತ್ತಾಗುವುದಿಲ್ಲ. ಹಳ್ಳಿ ಕಡೆಯ ಸರ್ಕಾರಿ ಪ್ರೌಢಶಾಲೆಯಲ್ಲಿ ಸಾಮಾನ್ಯವಾಗಿ ಒಬ್ಬರು ಪಿಸಿಎಂ (ಭೌತಶಾಸ್ತ್ರ, ರಸಾಯನಶಾಸ್ತ್ರ, ಗಣಿತ) ಶಿಕ್ಷಕರು, ಒಬ್ಬರು ಸಿಬಿಝಡ್ (ರಸಾಯನಶಾಸ್ತ್ರ, ಸಸ್ಯಶಾಸ್ತ್ರ, ಪ್ರಾಣಿಶಾಸ್ತ್ರ) ಶಿಕ್ಷಕರು ಇರುತ್ತಾರೆ. ಎಷ್ಟೋ ಕಡೆ ಅವರಲ್ಲೂ ಒಂದು ಹುದ್ದೆ ಖಾಲಿ. ಸ್ಟಾಫ್ ರೂಮಿನಲ್ಲಿ ಕನ್ನಡದ ಮೇಷ್ಟ್ರು, ಹಿಂದಿ ಮೇಡಂ, ಪಿ.ಇ. ಮೇಷ್ಟ್ರು ಎಲ್ಲ ಇದ್ದಾರೆ, ಪ್ರೀತಿಯಿಂದಲೇ ಇದ್ದಾರೆ. ಆದರೆ "ಋಣ ಸಂಖ್ಯೆಯನ್ನ ಋಣ ಸಂಖ್ಯೆಯಿಂದ ಗುಣಿಸಿದ್ರೆ ಧನ ಯಾಕೆ ಬರತ್ತೆ ಅಂತ ಎಂಟನೇ ಕ್ಲಾಸಿನ ಹುಡುಗಿ ಕೇಳಿದ್ಲು, ಏನು ಹೇಳೋದು?" ಎಂದು ಬಿಡುವಿನ ಹೊತ್ತಿನಲ್ಲಿ ಮಾತಾಡಲು ಪಕ್ಕದಲ್ಲಿ ಯಾರೂ ಇಲ್ಲ. ನಿಯಮ ಅದು, ಹಾಗೇ ನೆನಪಿಟ್ಟುಕೋ ಎಂದು ಹೇಳಿ ಪಾಠ ಮುಂದುವರಿಯುತ್ತದೆ. ಮರುವರ್ಷ ಇನ್ನೊಬ್ಬಳು ಅದನ್ನೇ ಕೇಳುತ್ತಾಳೆ.

ಹಾಗಾಗಿ ಒಂದೇ ವಿಷಯ ಕಲಿಸುವವರು ಒಟ್ಟಿಗೆ ಸೇರುವುದು ನಮಗೆ ಬೇಕೇ ಬೇಕು. ಈ ಹಂಬಲ ಹೊಸದೂ ಅಲ್ಲ. ಇಂಗ್ಲೆಂಡಿನಲ್ಲಿ 1871ರಲ್ಲೇ ಶಿಕ್ಷಕರು ಒಂದು ಸಂಘ ಕಟ್ಟಿಕೊಂಡರು. ಯೂಕ್ಲಿಡ್‌ನ ಪ್ರಮೇಯಗಳನ್ನು ಮಕ್ಕಳ ಬಾಯಲ್ಲಿ ಉರು ಹೊಡೆಸುವುದು ಸಾಕಾಗಿ, ರೇಖಾಗಣಿತದ ಪಾಠ ಸುಧಾರಿಸಬೇಕು ಎಂದೇ ಸೇರಿದವರು ಅವರು. ನಮ್ಮ ದೇಶದಲ್ಲಿ ಗಣಿತ ಶಿಕ್ಷಕರ ಸಂಘ 1965ರಲ್ಲಿ ಚೆನ್ನೈಯಲ್ಲಿ ಹುಟ್ಟಿತು. ಅಲ್ಲಿನ ಪಿ.ಕೆ. ಶ್ರೀನಿವಾಸನ್ ಶಾಲಾ ಮೇಷ್ಟ್ರಾಗಿದ್ದವರು. ರಾಮಾನುಜನ್ ಅವರ ಪತ್ರಗಳನ್ನೂ ಅವರನ್ನು ಕಂಡವರ ನೆನಪುಗಳನ್ನೂ ಹುಡುಕಿ ಒಟ್ಟು ಮಾಡಿದವರೂ ಅವರೇ. ಕರ್ನಾಟಕದಲ್ಲಿ 1980ರಲ್ಲಿ ರಾಜ್ಯ ವಿಜ್ಞಾನ ಪರಿಷತ್ತು ಬಂತು. ಹಳ್ಳಿ ಶಾಲೆಯ ಎಷ್ಟೋ ಮೇಷ್ಟ್ರುಗಳಿಗೆ ಅದರ 'ಬಾಲ ವಿಜ್ಞಾನ' ಪತ್ರಿಕೆಯೇ ಪಾಠಪುಸ್ತಕದ ಆಚೆಗಿನ ಮೊದಲ ಸಂಗಾತಿ.

ಈಗ ತರಬೇತಿಗಳಿಗೆ ಕೊರತೆ ಇಲ್ಲ. 2020ರ ರಾಷ್ಟ್ರೀಯ ಶಿಕ್ಷಣ ನೀತಿ ಪ್ರತಿ ಶಿಕ್ಷಕರಿಗೂ ವರ್ಷಕ್ಕೆ ಕನಿಷ್ಠ 50 ಗಂಟೆಯ ವೃತ್ತಿ ಕಲಿಕೆಯ ಅವಕಾಶ ಸಿಗಬೇಕು ಎನ್ನುತ್ತದೆ. ಗಂಟೆಗಳ ಲೆಕ್ಕವನ್ನು ಯಾರು ಬೇಕಾದರೂ ತುಂಬಿಸಬಹುದು. ಆ ಗಂಟೆಗಳಲ್ಲಿ ಏನಾಗುತ್ತದೆ ಎಂಬುದೇ ನನ್ನ ಚಿಂತೆ. ನಾನು ಕಂಡ ಎಷ್ಟೋ ತರಬೇತಿಗಳಲ್ಲಿ ಬೆಳಗ್ಗೆ ಸಹಿ, ಪ್ರಾರ್ಥನೆ, ಅತಿಥಿಗಳ ಮಾತು. ಆಮೇಲೆ ಮೇಲಿನಿಂದ ಬಂದ ಸ್ಲೈಡುಗಳನ್ನು ಸಂಪನ್ಮೂಲ ವ್ಯಕ್ತಿ ಓದುತ್ತಾರೆ. ಅವರ ಮೇಲೂ ಒತ್ತಡ ಇದೆ, ಅವರನ್ನು ದೂರಲಾರೆ. ರಾಜ್ಯ ಮಟ್ಟದಲ್ಲಿ ಐದು ದಿನ ಕಲಿತದ್ದನ್ನು ಜಿಲ್ಲೆಯಲ್ಲಿ ಮೂರು ದಿನಕ್ಕೆ, ತಾಲ್ಲೂಕಿನಲ್ಲಿ ಒಂದೇ ದಿನಕ್ಕೆ ಇಳಿಸಬೇಕು. ಇಳಿಸುವಾಗ ಮೊದಲು ಬಿಟ್ಟುಹೋಗುವುದು ಕೈಯಾರೆ ಮಾಡುವ ಕೆಲಸ. ಯಾಕೆಂದರೆ ಅದಕ್ಕೇ ಜಾಸ್ತಿ ಹೊತ್ತು ಬೇಕು.

ಕೈಯಾರೆ ಮಾಡಿದರೆ ಏನಾಗುತ್ತದೆ ಎಂಬುದನ್ನು ಸ್ವಲ್ಪ ಬಿಡಿಸಿ ಹೇಳಬೇಕು.

ತಟ್ಟೆಯಲ್ಲಿ ನೀರು, ನಡುವೆ ಉರಿಯುವ ಮೇಣದ ಬತ್ತಿ, ಅದರ ಮೇಲೆ ಗಾಜಿನ ಲೋಟ ಬೋರಲು. ಬತ್ತಿ ಆರುತ್ತದೆ, ನೀರು ಲೋಟದೊಳಗೆ ಏರುತ್ತದೆ. ಇದನ್ನು ಮಾಡಿ ತೋರಿಸದ ವಿಜ್ಞಾನ ಮೇಷ್ಟ್ರು ಸಿಗುವುದೇ ಕಷ್ಟ. ಹೇಳುವ ಕಾರಣವೂ ಎಲ್ಲರಿಗೂ ಬಾಯಿಪಾಠ: ಗಾಳಿಯಲ್ಲಿ ಐದನೇ ಒಂದು ಭಾಗ ಆಮ್ಲಜನಕ ಇದೆ, ಬತ್ತಿ ಅದನ್ನು ಬಳಸಿಕೊಂಡಿತು, ಖಾಲಿಯಾದ ಜಾಗಕ್ಕೆ ನೀರು ಬಂತು. ಒಂದು ಜಿಲ್ಲಾ ಮಟ್ಟದ ಕಾರ್ಯಾಗಾರದಲ್ಲಿ ಬೇರೆ ತಾಲ್ಲೂಕಿನ ಮೇಷ್ಟ್ರೊಬ್ಬರು ಇದನ್ನೇ ನಮ್ಮ ಮುಂದಿಟ್ಟರು. ವಿವರಣೆ ಏನೂ ಕೊಡಲಿಲ್ಲ. "ನೀವೇ ಮಾಡಿ. ಕಣ್ಣು ನೀರಿನ ಮೇಲೇ ಇರಲಿ. ಯಾವಾಗ ಏರತ್ತೆ ಅಂತ ಮಾತ್ರ ನೋಡಿ" ಎಂದರು.

ನೋಡಿದೆವು. ಬತ್ತಿ ಉರಿಯುವಷ್ಟು ಹೊತ್ತು ನೀರು ಹೆಚ್ಚೇನೂ ಏರಲಿಲ್ಲ. ಬತ್ತಿ ಆರಿದ ಕೂಡಲೇ ಸರ್ರನೆ ಏರಿತು. ಆಮ್ಲಜನಕ ಖರ್ಚಾಗಿದ್ದೇ ಕಾರಣವಾದರೆ ಉರಿಯುವಾಗಲೇ ನಿಧಾನವಾಗಿ ಏರುತ್ತಾ ಹೋಗಬೇಕಿತ್ತು, ಅಲ್ವಾ? ಕೋಣೆಯಲ್ಲಿ ಗುಸುಗುಸು ಶುರುವಾಯಿತು. ಹಿಂದಿನ ಬೆಂಚಿನ ಮೇಡಂ ಒಬ್ಬರು, "ಲೋಟ ಬೋರಲು ಹಾಕೋವಾಗ ಅಂಚಿನಿಂದ ಗುಳ್ಳೆ ಹೊರಗೆ ಹೋದವು ಸರ್, ನಾನು ನೋಡಿದೆ" ಎಂದರು. ಮತ್ತೆ ಮಾಡಿದೆವು. ಹೌದು, ಗುಳ್ಳೆ ಹೋಗುತ್ತಿತ್ತು. ಆಮೇಲೆ ಯಾರೋ ಒಂದೇ ಲೋಟದ ಕೆಳಗೆ ಎರಡು ಬತ್ತಿ ಇಟ್ಟರು, ಇನ್ನೊಂದು ಗುಂಪು ಮೂರು. ಬತ್ತಿ ಜಾಸ್ತಿ ಆದಂತೆ ನೀರೂ ಜಾಸ್ತಿ ಏರಿತು. ಲೋಟ ಅದೇ, ಅದರೊಳಗಿನ ಆಮ್ಲಜನಕದ ಪಾಲೂ ಅದೇ. ಹಾಗಾದರೆ ಮೂರು ಬತ್ತಿಗೆ ನೀರು ಯಾಕೆ ಜಾಸ್ತಿ?

ಮಧ್ಯಾಹ್ನದ ಊಟ ತಡವಾಯಿತು, ಯಾರಿಗೂ ಅದು ನೆನಪಿರಲಿಲ್ಲ. ಜ್ವಾಲೆಯ ಬಿಸಿಗೆ ಗಾಳಿ ಹಿಗ್ಗುತ್ತದೆ, ಒಂದಿಷ್ಟು ಗುಳ್ಳೆಯಾಗಿ ಹೊರಗೆ ಹೋಗುತ್ತದೆ. ಬತ್ತಿ ಆರಿದ ಮೇಲೆ ಉಳಿದ ಗಾಳಿ ತಣ್ಣಗಾಗಿ ಕುಗ್ಗುತ್ತದೆ, ಹೊರಗಿನ ಗಾಳಿಯ ಒತ್ತಡ ನೀರನ್ನು ಒಳಗೆ ತಳ್ಳುತ್ತದೆ. ಬತ್ತಿ ಜಾಸ್ತಿ ಇದ್ದರೆ ಬಿಸಿಯೂ ಜಾಸ್ತಿ, ಹೊರಹೋಗುವ ಗಾಳಿಯೂ ಜಾಸ್ತಿ. ಖರ್ಚಾದ ಆಮ್ಲಜನಕದ ಜಾಗದಲ್ಲಿ ಇಂಗಾಲದ ಡೈಆಕ್ಸೈಡೂ ನೀರಾವಿಯೂ ಬಂದಿರುತ್ತವೆ. ಅದೂ ಅಲ್ಲದೆ, ಬತ್ತಿ ಆರಿದಾಗ ಒಳಗಿನ ಆಮ್ಲಜನಕ ಪೂರ್ತಿ ಮುಗಿದಿರುವುದಿಲ್ಲ. ಇಷ್ಟನ್ನೂ ಆ ಕೋಣೆಯಲ್ಲಿದ್ದವರು ತಾವೇ ಕಟ್ಟಿಕೊಂಡರು. ಯಾರೂ ಸ್ಲೈಡ್ ಹಾಕಲಿಲ್ಲ.

ಆಮೇಲೆ ಬಂತು ನಿಜವಾದ ಪ್ರಶ್ನೆ. ಹಾಗಾದರೆ ಐದನೇ ಒಂದು ಭಾಗ ಎಂದು ಮಕ್ಕಳಿಗೆ ತೋರಿಸುವುದು ಹೇಗೆ? ತುಕ್ಕಿನಿಂದ ತೋರಿಸಬಹುದು ಎಂದರು ಒಬ್ಬರು. ಲೇತ್ ಅಂಗಡಿಯಲ್ಲಿ ಸಿಗುವ ಸಣ್ಣ ಕಬ್ಬಿಣದ ಪುಡಿಯನ್ನು ಒದ್ದೆ ಮಾಡಿದ ಪ್ರನಾಳದ ಒಳಗೋಡೆಗೆ ಅಂಟಿಸಿ, ಪ್ರನಾಳವನ್ನು ನೀರಿನಲ್ಲಿ ಬೋರಲು ನಿಲ್ಲಿಸಿ ಬಿಡಬೇಕು. ಕಬ್ಬಿಣ ಆಮ್ಲಜನಕವನ್ನು ಹಿಡಿದುಕೊಂಡು ತುಕ್ಕಾಗುತ್ತದೆ. ಇಲ್ಲಿ ಬಿಸಿಯ ಗೊಂದಲ ಇಲ್ಲ, ಹೊಸ ಅನಿಲವೂ ಹುಟ್ಟುವುದಿಲ್ಲ. ನೀರು ನಿಧಾನವಾಗಿ ಏರಿ ಸುಮಾರು ಐದನೇ ಒಂದು ಭಾಗದ ಹತ್ತಿರ ನಿಲ್ಲುತ್ತದೆ. ಆದರೆ ಇದಕ್ಕೆ ದಿನಗಳು ಬೇಕು, ಕಾರ್ಯಾಗಾರ ಸಂಜೆಗೆ ಮುಗಿಯುತ್ತದೆ. ಹಾಗಾಗಿ ಪ್ರತಿಯೊಬ್ಬರೂ ತಂತಮ್ಮ ಶಾಲೆಯಲ್ಲಿ ಇಟ್ಟು ನೋಡಿ ಫೋಟೊ ಕಳಿಸುವುದು ಎಂದಾಯಿತು. ಮುಂದಿನ ವಾರ ಒಂದೊಂದಾಗಿ ಫೋಟೊ ಬಂದವು. ಕೆಲವರ ಪ್ರನಾಳದಲ್ಲಿ ನೀರು ಅಷ್ಟು ಏರದೆ ಕೆಳಗೇ ನಿಂತಿತ್ತು. ಪುಡಿಗೆ ಎಣ್ಣೆ ಹತ್ತಿದ್ದರೆ ತುಕ್ಕು ಹಿಡಿಯುವುದಿಲ್ಲ, ಮೊದಲು ಸೋಪಿನಲ್ಲಿ ತೊಳೆಯಿರಿ ಎಂದು ಇನ್ನೊಬ್ಬರು ಬರೆದರು. ನಾನು ಹೋದ ತರಬೇತಿಗಳಲ್ಲೆಲ್ಲ ತಿಂಗಳ ನಂತರವೂ ಮಾತು ನಿಲ್ಲದೆ ನಡೆದದ್ದು ಅದೊಂದೇ.

ಇಂಥ ಕೂಟ ಅಪರೂಪದ ಅದೃಷ್ಟವಾಗಿ ಉಳಿಯಬೇಕಾಗಿಲ್ಲ. ನಮ್ಮ ದೇಶದಲ್ಲೇ ಇದನ್ನು ಮೂವತ್ತು ವರ್ಷ ನಡೆಸಿ ತೋರಿಸಿದವರಿದ್ದಾರೆ. ಮಧ್ಯಪ್ರದೇಶದ ಹೋಶಂಗಾಬಾದ್ ಜಿಲ್ಲೆಯಲ್ಲಿ (ಈಗ ಅದು ನರ್ಮದಾಪುರಂ) 1972ರಲ್ಲಿ ಕಿಶೋರ್ ಭಾರತಿ ಮತ್ತು ರಸೂಲಿಯಾದ ಫ್ರೆಂಡ್ಸ್ ರೂರಲ್ ಸೆಂಟರ್ ಸೇರಿ 16 ಮಾಧ್ಯಮಿಕ ಶಾಲೆಗಳಲ್ಲಿ ಹೊಸ ಬಗೆಯ ವಿಜ್ಞಾನ ಪಾಠ ಶುರು ಮಾಡಿದವು. 1978ರಲ್ಲಿ ಅದು ಜಿಲ್ಲೆಯ ಎಲ್ಲ ಮಾಧ್ಯಮಿಕ ಶಾಲೆಗಳಿಗೂ ಹರಡಿತು. 1982ರಲ್ಲಿ ಹುಟ್ಟಿದ ಏಕಲವ್ಯ ಸಂಸ್ಥೆ ಮುಂದೆ ಅದರ ಹೊಣೆ ಹೊತ್ತಿತು. ಮಕ್ಕಳು ಪ್ರಯೋಗ ಮಾಡಿಯೇ ಕಲಿಯಬೇಕು, ಪರೀಕ್ಷೆಗೆ ಪುಸ್ತಕ ತೆರೆದಿಟ್ಟುಕೊಂಡು ಬರೆಯಬಹುದು ಎಂಬುದು ಅಲ್ಲಿನ ಕ್ರಮ. ಇದನ್ನು ಹೊಗಳುವವರು ಸಾಮಾನ್ಯವಾಗಿ ಅಲ್ಲಿನ ಪ್ರಯೋಗ ಸಾಮಗ್ರಿಯ ಕಿಟ್ ಬಗ್ಗೆ, ಬೆಂಕಿಕಡ್ಡಿ ಮತ್ತು ಸೈಕಲ್ ವಾಲ್ವ್ ಟ್ಯೂಬಿನಿಂದ ಅರವಿಂದ ಗುಪ್ತಾ ಮಾಡಿದ ಆಕೃತಿಗಳ ಬಗ್ಗೆ ಹೇಳುತ್ತಾರೆ. ನನ್ನನ್ನು ಜಾಸ್ತಿ ಹಿಡಿದು ನಿಲ್ಲಿಸುವುದು ಅಲ್ಲಿನ ಮಾಸಿಕ ಸಭೆ.

ಬೇಸಿಗೆಯಲ್ಲಿ ಸುಮಾರು ಮೂರು ವಾರದ ಶಿಬಿರ. ಅಲ್ಲಿ ಶಿಕ್ಷಕರು ಮಕ್ಕಳು ಮಾಡುವ ಪ್ರಯೋಗಗಳನ್ನು ತಾವೇ ಮಾಡುತ್ತಿದ್ದರು. ದೊಡ್ಡ ಸಂಶೋಧನಾ ಸಂಸ್ಥೆಗಳಿಂದ, ವಿಶ್ವವಿದ್ಯಾಲಯಗಳಿಂದ ಬಂದ ವಿಜ್ಞಾನಿಗಳು ಪಕ್ಕದಲ್ಲಿ ಕೂತಿರುತ್ತಿದ್ದರು. ಶಾಲೆ ಶುರುವಾದ ಮೇಲೆ ಸುತ್ತಲಿನ ಶಾಲೆಗಳ ಶಿಕ್ಷಕರು ತಿಂಗಳಿಗೊಮ್ಮೆ ಒಂದು ಕಡೆ ಸೇರುತ್ತಿದ್ದರು. ಯಾವ ಪ್ರಯೋಗ ಕೈಕೊಟ್ಟಿತು, ಮಕ್ಕಳು ಏನು ಕೇಳಿದರು, ಪುಸ್ತಕದ ಯಾವ ಸಾಲು ಅರ್ಥವಾಗಲಿಲ್ಲ ಎಂದು ಹೇಳುತ್ತಿದ್ದರು. ಆ ಮಾತುಗಳನ್ನು ಇಟ್ಟುಕೊಂಡೇ ಮುಂದೆ ಪಾಠಗಳನ್ನು ತಿದ್ದಿದರು. ಹಳ್ಳಿಯ ಮೇಷ್ಟ್ರು ಹೇಳಿದ್ದು ಪುಸ್ತಕದೊಳಗೆ ಹೋಗುತ್ತಿತ್ತು. 'ಸವಾಲೀರಾಮ್' ಎಂಬ ಕಲ್ಪನೆಯ ಗೆಳೆಯನಿಗೆ ಮಕ್ಕಳು ಪತ್ರ ಬರೆದು ಪ್ರಶ್ನೆ ಕೇಳುತ್ತಿದ್ದರು, ಉತ್ತರವೂ ಬರುತ್ತಿತ್ತು. 2002ರಲ್ಲಿ ರಾಜ್ಯ ಸರ್ಕಾರ ಈ ಕಾರ್ಯಕ್ರಮವನ್ನು ನಿಲ್ಲಿಸಿತು. ಅದನ್ನು ನೆನೆದರೆ ನನಗೆ ಈಗಲೂ ಸಂಕಟವಾಗುತ್ತದೆ. ಕಿಟ್ ಮತ್ತೆ ಮಾಡಿಕೊಳ್ಳಬಹುದು. ಮೂವತ್ತು ವರ್ಷ ತಿಂಗಳು ತಿಂಗಳೂ ಸೇರಿ ಸೇರಿ ಬೆಳೆದ ಆ ರೂಢಿಯನ್ನು ಮತ್ತೆ ತರುವುದು ಸುಲಭವಲ್ಲ.

ನಮ್ಮಲ್ಲಿ ಕ್ಲಸ್ಟರ್ (ಅಕ್ಕಪಕ್ಕದ ಕೆಲವು ಶಾಲೆಗಳ ಗುಂಪು) ಮಟ್ಟದ ಸಮಾಲೋಚನಾ ಸಭೆ ಎಂದು ಇದೆ. ಅದರ ಹಿಂದಿನ ಯೋಚನೆ ತುಂಬ ಒಳ್ಳೆಯದು, ಹೋಶಂಗಾಬಾದಿನ ಸಭೆಗೆ ಹತ್ತಿರದ್ದೇ. ಆದರೆ ಅಲ್ಲಿ ಸುತ್ತೋಲೆ, ಅಂಕಿಅಂಶ, ಆನ್‌ಲೈನ್ ಎಂಟ್ರಿಗಳ ಮಾತು ಮುಗಿಯುವ ಹೊತ್ತಿಗೆ ನಾಲ್ಕು ಗಂಟೆ ಆಗಿರುತ್ತದೆ. ಪಾಠದ ಮಾತಿಗೆ ಉಳಿಯುವುದು ಬಸ್ಸು ಹಿಡಿಯುವ ಮುಂಚಿನ ಹತ್ತು ನಿಮಿಷ. ಸುತ್ತೋಲೆಯನ್ನು ಫೋನಿಗೆ ಕಳಿಸಬಹುದು. ಆ ಅರ್ಧ ದಿನವನ್ನು ಪಾಠಕ್ಕೆ ಬಿಟ್ಟುಕೊಡಬಹುದು. ಇದಕ್ಕೆ ಹೊಸ ಅನುದಾನವೂ ಬೇಡ.

ಬಿಟ್ಟುಕೊಟ್ಟರೆ ಏನು ಮಾಡುವುದು? ನೋಟ್‌ಬುಕ್ ತರುವುದು. ಒಂದು ಉದಾಹರಣೆ ಕೊಡುತ್ತೇನೆ. 0.35, 0.7: ಇವುಗಳಲ್ಲಿ ಯಾವುದು ದೊಡ್ಡದು? ಆರನೇ ಏಳನೇ ತರಗತಿಯ ಮಕ್ಕಳಿಗೆ ಕೊಟ್ಟು ನೋಡಿ. 35 ಏಳಕ್ಕಿಂತ ದೊಡ್ಡದು, ಆದ್ದರಿಂದ 0.35 ದೊಡ್ಡದು ಎನ್ನುವ ಮಕ್ಕಳು ಇದ್ದೇ ಇರುತ್ತಾರೆ. ಇದು ಎಲ್ಲ ಮೇಷ್ಟ್ರಿಗೂ ಗೊತ್ತು. 0.7 ದೊಡ್ಡದು ಎಂದು ಬರೆದವರಿಗೆ ನಾವು ಸರಿ ಗುರುತು ಹಾಕಿ ಮುಂದೆ ಹೋಗುತ್ತೇವೆ. ಅವರಲ್ಲಿ ಕೆಲವರನ್ನು ಕರೆದು ಯಾಕೆ ಎಂದು ಕೇಳಿದರೆ ಬೇರೆ ಕಥೆ ಹೊರಗೆ ಬರುತ್ತದೆ. "ಬಿಂದು ಆದಮೇಲೆ ಅಂಕಿ ಜಾಸ್ತಿ ಇದ್ರೆ ಚಿಕ್ಕದು ಮಿಸ್" ಎನ್ನುತ್ತಾರೆ. ಹತ್ತನೇ ಒಂದಕ್ಕಿಂತ ನೂರನೇ ಒಂದು ಚಿಕ್ಕದು ಎಂದು ಕಲಿತದ್ದನ್ನು ಎಳೆದು ಇಲ್ಲಿಗೆ ತಂದಿರುತ್ತಾರೆ. ಅದೇ ಮಗುವಿಗೆ 0.75, 0.6 ಕೊಟ್ಟರೆ 0.6 ದೊಡ್ಡದು ಎನ್ನುತ್ತದೆ. ಮೊದಲು ಹೇಳಿದ ಮಕ್ಕಳು ಇಲ್ಲಿ 0.75 ಎಂದು ಸರಿಯಾಗಿಯೇ ಬರೆಯುತ್ತಾರೆ, ಆದರೆ 75 ಆರಕ್ಕಿಂತ ದೊಡ್ಡದು ಎಂಬ ಕಾರಣಕ್ಕೆ. ಅಂದರೆ ಒಂದೇ ಪ್ರಶ್ನೆ ಕೇಳಿದರೆ ಒಂದು ಬಗೆಯ ಮಕ್ಕಳು ಮಾತ್ರ ನಮಗೆ ಕಾಣುತ್ತಾರೆ, ಇನ್ನೊಂದು ಬಗೆಯವರು ಸರಿ ಗುರುತಿನ ಹಿಂದೆ ಅಡಗಿರುತ್ತಾರೆ. ಎರಡೂ ಪ್ರಶ್ನೆ ಬೇಕು.

ಇದು ಒಬ್ಬರೇ ಕೂತು ಕಾಪಿ ತಿದ್ದುವಾಗ ಹೊಳೆಯುವುದು ಕಷ್ಟ. ಎಂಟು ಶಾಲೆಯ ನೋಟ್‌ಬುಕ್ ಒಂದೇ ಮೇಜಿನ ಮೇಲೆ ಹರಡಿದಾಗ ಒಂದೇ ಬಗೆಯ ಉತ್ತರ ಮತ್ತೆ ಮತ್ತೆ ಕಣ್ಣಿಗೆ ಬೀಳುತ್ತದೆ. ಆಗ ಯಾರೂ "ನಮ್ಮ ಮಕ್ಕಳು ದಡ್ಡರು" ಎನ್ನುವುದಿಲ್ಲ. ನಿಮ್ಮ ಶಾಲೆಯಲ್ಲೂ ಹೀಗೇನಾ ಎಂದು ಕೇಳುತ್ತಾರೆ. ಆ ಒಂದು ಮಾತಿನಿಂದ ಎಷ್ಟು ಹಗುರಾಗುತ್ತದೆ ಎಂಬುದು ಕಲಿಸುವವರಿಗೆ ಗೊತ್ತು. ಮುಂದಿನ ಪಾಠ ಹೇಗಿರಬೇಕು ಎಂಬ ಮಾತು ಅಲ್ಲಿಂದ ತಾನಾಗಿ ಹುಟ್ಟುತ್ತದೆ. ಒಬ್ಬರು ಗ್ರಾಫ್ ಹಾಳೆಯ ನೂರು ಚೌಕ ಎನ್ನುತ್ತಾರೆ, ಇನ್ನೊಬ್ಬರು ಮೀಟರ್ ಪಟ್ಟಿ. ದುಡ್ಡಿನ ಉದಾಹರಣೆ ಬೇಡ, ಮಕ್ಕಳು 3.5 ಅನ್ನು ಮೂರು ರೂಪಾಯಿ ಐದು ಪೈಸೆ ಎಂದು ಓದುತ್ತಾರೆ ಎಂದು ಮತ್ತೊಬ್ಬರು ಎಚ್ಚರಿಸುತ್ತಾರೆ.

ಜಪಾನಿನಲ್ಲಿ ಇದನ್ನು ಇನ್ನೂ ಒಂದು ಹೆಜ್ಜೆ ಮುಂದೆ ಒಯ್ದಿದ್ದಾರೆ. ಕೆಲವು ಶಿಕ್ಷಕರು ಸೇರಿ ಒಂದೇ ಒಂದು ಪಾಠವನ್ನು ವಾರಗಟ್ಟಲೆ ಯೋಚಿಸಿ ಸಿದ್ಧ ಮಾಡುತ್ತಾರೆ. ಒಬ್ಬರು ಅದನ್ನು ನಿಜವಾದ ತರಗತಿಯಲ್ಲಿ ಕಲಿಸುತ್ತಾರೆ, ಉಳಿದವರು ಹಿಂದೆ ನಿಂತು ಮಕ್ಕಳನ್ನು ಗಮನಿಸುತ್ತಾರೆ. ಆಮೇಲೆ ಕೂತು ಆ ಪಾಠದ ಬಗ್ಗೆ ಮಾತಾಡುತ್ತಾರೆ. ಪಾಠ ಎಲ್ಲರದೂ ಆದ್ದರಿಂದ ಕಲಿಸಿದವರ ಮೇಲೆ ಯಾರೂ ಬೆರಳು ತೋರಿಸುವುದಿಲ್ಲ. ನಮ್ಮಲ್ಲಿ ತರಗತಿಯ ಹಿಂದೆ ಯಾರಾದರೂ ಬಂದು ನಿಂತರೆ ತಪಾಸಣೆ ಎಂದೇ ಎದೆ ಹೊಡೆದುಕೊಳ್ಳುತ್ತದೆ. ಆ ಅಂಜಿಕೆ ಹೋಗಬೇಕಾದರೆ ಹಿಂದೆ ನಿಲ್ಲುವವರು ಸಹ ಶಿಕ್ಷಕರೇ ಆಗಿರಬೇಕು.

ಇಂಥದ್ದಕ್ಕೆಲ್ಲ ಅಡ್ಡಿಗಳೂ ಇವೆ. ಮೇಷ್ಟ್ರು ಓಓಡಿ ಮೇಲೆ, ಅಂದರೆ ಶಾಲೆಯ ಹೊರಗಿನ ಕರ್ತವ್ಯಕ್ಕೆಂದು, ಹೋದರೆ ಶಾಲೆಯಲ್ಲಿ ಗಣಿತ ನಿಂತುಹೋಗುತ್ತದೆ. ಇರುವವರೇ ಒಬ್ಬರು. ಡಿಸೆಂಬರ್ ಕಳೆದ ಮೇಲೆ ಎಸ್ಸೆಸ್ಸೆಲ್ಸಿ ಮಕ್ಕಳನ್ನು ಬಿಟ್ಟು ಹೊರಡಲು ಯಾರಿಗೂ ಮನಸ್ಸು ಬರುವುದಿಲ್ಲ, ಬರಲೂಬಾರದು. ಚಿಕ್ಕ ಮಕ್ಕಳಿರುವ ಶಿಕ್ಷಕಿಯರಿಗೆ ಉಳಿದುಕೊಳ್ಳುವ ತರಬೇತಿ ಎಂದರೆ ಮನೆಯಲ್ಲಿ ಹತ್ತು ವ್ಯವಸ್ಥೆ ಮಾಡಿ ಹೊರಡಬೇಕು. ಆದರೂ ಹೋಗುವವರು ಹೋಗುತ್ತಾರೆ. ಚಳ್ಳಕೆರೆ ಹತ್ತಿರದ ಕುದಾಪುರದಲ್ಲಿ ಭಾರತೀಯ ವಿಜ್ಞಾನ ಸಂಸ್ಥೆಯ ಕ್ಯಾಂಪಸ್ ಇದೆ. ಅಲ್ಲಿ ಗಣಿತ, ವಿಜ್ಞಾನ ಶಿಕ್ಷಕರಿಗೆಂದೇ ಪ್ರಯೋಗಾಲಯಗಳಿವೆ. ಅಲ್ಲಿಗೆ ಹೋಗಿ ಬಂದ ಮೇಡಂ ಒಬ್ಬರು, "ಬಿಎಸ್ಸಿ ಮುಗಿಸಿದ ಮೇಲೆ ಮೊದಲ ಸಲ ಬ್ಯೂರೆಟ್ ಮುಟ್ಟಿದೆ" ಎಂದು ಖುಷಿಯಿಂದ ಹೇಳಿದರು. ಅವರ ಮುಖ ನೋಡಿದಾಗ ನನಗನ್ನಿಸಿತು, ಶಿಕ್ಷಕರಿಗೆ ವಿಧಾನ ಹೇಳಿಕೊಡುವ ಮೊದಲು ಅವರ ವಿಷಯವನ್ನು ಅವರಿಗೆ ವಾಪಸ್ ಕೊಡಬೇಕು. ಗಣಿತ ಇಷ್ಟಪಟ್ಟು ಓದಿದವರು ನಾವು. ಹದಿನೈದು ವರ್ಷ ಅದೇ ಪಾಠ ಮಾಡುವಾಗ ಹೊಸ ಲೆಕ್ಕ ಬಿಡಿಸುವ ಸುಖವೇ ಮರೆತುಹೋಗಿರುತ್ತದೆ.

ನಾನು ಹತ್ತಿರದಿಂದ ಕಂಡ ಒಂದು ಒಳ್ಳೆಯ ಕೆಲಸವನ್ನೂ ಇಲ್ಲಿ ಹೇಳಿಬಿಡುತ್ತೇನೆ. ರಾಜ್ಯ ಮಟ್ಟದ ಒಂದು ಕಾರ್ಯಾಗಾರದಲ್ಲಿ ಬೀದರಿನ ಮೇಡಂ ಒಬ್ಬರು, ಬೆಂಗಳೂರಿನ ಸರ್ ಒಬ್ಬರು ಊಟದ ಹೊತ್ತಿನಲ್ಲಿ ನಕ್ಷೆ ನೋಡುತ್ತಾ ಕೂತಿದ್ದರು. ಇಬ್ಬರ ಊರೂ ಹೆಚ್ಚುಕಡಿಮೆ ಒಂದೇ ರೇಖಾಂಶದ ಮೇಲಿವೆ, ಸುಮಾರು 77.5 ಡಿಗ್ರಿ. ಅಂದರೆ ಸೂರ್ಯ ನಡುನೆತ್ತಿಯ ಗೆರೆ ದಾಟುವುದು ಎರಡೂ ಕಡೆ ಒಂದೇ ಹೊತ್ತಿಗೆ. ಊರುಗಳ ನಡುವಿನ ನೇರ ದೂರ ಸುಮಾರು 550 ಕಿಲೋಮೀಟರ್. ಎರಡು ಸಾವಿರ ವರ್ಷಕ್ಕೂ ಹಿಂದೆ ಗ್ರೀಕ್ ವಿದ್ವಾಂಸ ಎರಟೋಸ್ತನೀಸ್ ನೆರಳು ಅಳೆದು ಭೂಮಿಯ ಸುತ್ತಳತೆ ಕಂಡುಹಿಡಿದ ಹಾಗೆ ನಾವೂ ಮಾಡೋಣ ಎಂದು ಮಾತಾಯಿತು. ಡಿಸೆಂಬರ್ 22ನ್ನು ಆರಿಸಿಕೊಂಡರು. ಆಕಾಶ ತಿಳಿಯಾಗಿರುತ್ತದೆ, ಪರೀಕ್ಷೆಯ ಗದ್ದಲ ಇನ್ನೂ ಶುರುವಾಗಿರುವುದಿಲ್ಲ. ಎರಡೂ ಶಾಲೆಯ ಮಕ್ಕಳು ಒಂದು ಮೀಟರ್ ಕೋಲನ್ನು ತೂಗುಗುಂಡಿನ ದಾರ ಹಿಡಿದು ನೇರವಾಗಿ ನಿಲ್ಲಿಸಿ, ಹನ್ನೆರಡು ಗಂಟೆಯಿಂದಲೇ ನೆರಳಿನ ತುದಿ ಗುರುತಿಸುತ್ತಾ ಹೋದರು. ಅತಿ ಚಿಕ್ಕ ನೆರಳು ಬಿದ್ದದ್ದು 12 ಗಂಟೆ 18 ನಿಮಿಷದ ಸುಮಾರಿಗೆ. ಬೆಂಗಳೂರಿನಲ್ಲಿ 74 ಸೆಂಟಿಮೀಟರ್, ಬೀದರಿನಲ್ಲಿ 89.

ಹತ್ತನೇ ತರಗತಿಯವರು ಟ್ಯಾನ್ ಕೋಷ್ಟಕ ನೋಡಿದರು, ಎಂಟನೆಯವರು ಅಳತೆಗೆ ತಕ್ಕಂತೆ ತ್ರಿಕೋನ ಎಳೆದು ಕೋನಮಾಪಕ ಇಟ್ಟರು. ಎರಡು ಕೋನಗಳ ವ್ಯತ್ಯಾಸ 5 ಡಿಗ್ರಿಗಿಂತ ಸ್ವಲ್ಪ ಜಾಸ್ತಿ ಬಂತು. ಅಷ್ಟು ಡಿಗ್ರಿಗೆ 550 ಕಿಲೋಮೀಟರ್ ಆದರೆ 360 ಡಿಗ್ರಿಗೆ ಎಷ್ಟು ಎಂದು ಲೆಕ್ಕ ಹಾಕಿದಾಗ ಭೂಮಿಯ ಸುತ್ತಳತೆ 38 ಸಾವಿರ ಕಿಲೋಮೀಟರಿನ ಆಸುಪಾಸು. ಪುಸ್ತಕದಲ್ಲಿರುವುದು 40 ಸಾವಿರ. ಎಲ್ಲಿ ತಪ್ಪಿತು ಎಂಬ ಚರ್ಚೆ ಎರಡು ಊರುಗಳ ನಡುವೆ ಫೋನಿನಲ್ಲಿ ನಡೆಯಿತು. ನೆರಳಿನ ತುದಿ ಚೂಪಾಗಿಲ್ಲ, ಮಸುಕಾಗಿದೆ ಎಂದು ಬೀದರಿನ ಹುಡುಗನೊಬ್ಬ ಹೇಳಿದ. ಅದು ನಿಜ. ಸೂರ್ಯ ಒಂದು ಚುಕ್ಕೆಯಲ್ಲ, ಆಕಾಶದಲ್ಲಿ ಅರ್ಧ ಡಿಗ್ರಿಯಷ್ಟು ಅಗಲ ಇದೆ. ನೆರಳಿನ ಅಳತೆ ಅರ್ಧ ಸೆಂಟಿಮೀಟರ್ ಆಚೀಚೆ ಆದರೆ ಸುತ್ತಳತೆಯಲ್ಲಿ ಸಾವಿರ ಕಿಲೋಮೀಟರಿಗೂ ಜಾಸ್ತಿ ವ್ಯತ್ಯಾಸ ಬೀಳುತ್ತದೆ. ಹಾಗಾದರೆ ಕೋಲಿನ ತುದಿಗೆ ತೂತಿರುವ ರಟ್ಟು ಅಂಟಿಸಿ, ತೂತಿನಿಂದ ಬೀಳುವ ಬೆಳಕಿನ ಚುಕ್ಕೆಯ ನಡುವನ್ನು ಅಳೆಯೋಣ ಎಂದು ಬೆಂಗಳೂರಿನ ಮಕ್ಕಳು ಉಪಾಯ ಹೇಳಿದರು. ಈ ಸಲ ಅದೇ ರೀತಿ ಮಾಡುತ್ತಾರೆ.

ನಡುವೆ ಇನ್ನೊಂದು ಊರು ಸಿಕ್ಕರೆ ಲೆಕ್ಕ ಗಟ್ಟಿಯಾಗುತ್ತದೆ. ರಾಯಚೂರು ಹೆಚ್ಚುಕಡಿಮೆ ಅದೇ ರೇಖಾಂಶದಲ್ಲಿದೆ. ಅಲ್ಲಿ ಆ ದಿನ 83 ಸೆಂಟಿಮೀಟರ್ ಹತ್ತಿರ ಬರಬೇಕು ಎಂದು ಮಕ್ಕಳು ಮೊದಲೇ ಲೆಕ್ಕ ಹಾಕಿಟ್ಟಿದ್ದಾರೆ. ರಾಯಚೂರಿನ ಗಣಿತ ಮೇಷ್ಟ್ರೋ ಮೇಡಮ್ಮೋ ಯಾರಾದರೂ ಇದನ್ನು ಓದುತ್ತಿದ್ದರೆ ದಯವಿಟ್ಟು ಸೇರಿಕೊಳ್ಳಿ. ಬೇಕಾಗಿರುವುದು ಒಂದು ಮೀಟರ್ ಕೋಲು, ತೂಗುಗುಂಡು, ತೂತಿನ ರಟ್ಟು, ಡಿಸೆಂಬರ್ 22ರ ಮಧ್ಯಾಹ್ನದ ಒಂದು ಪೀರಿಯಡ್.